ಬದನೆ ಎಲ್ಲಿ ಕೈಕೊಟ್ಟಿತು? ತಟ್ಟೆಯಿಂದ ಬೇರಿನ ತನಕ ಹುಡುಕುವ ದಾರಿ

ಬದನೆಕಾಯಿ ಇಷ್ಟ ಇಲ್ಲ ಅನ್ನುವವರನ್ನು ಯಾಕೆ ಅಂತ ಕೇಳಿ ನೋಡಿ. ಉತ್ತರಗಳು ಹೆಚ್ಚುಕಡಿಮೆ ನಾಲ್ಕೇ. ಕಹಿ, ಲೋಳೆ, ರಬ್ಬರು, ಎಣ್ಣೆಜಿಡ್ಡು. ಇವು ಯಾವುವೂ ಬದನೆಯ ಹುಟ್ಟುಗುಣ ಅಲ್ಲ. ಎಲ್ಲೋ ಏನೋ ತಪ್ಪಿದ್ದರ ಗುರುತು. ಕಾಯಿ ಕೊಯ್ಯುವುದು ತಡವಾಗಿರಬಹುದು, ಗಿಡಕ್ಕೆ ನೀರು ಸಾಲದೆ ಹೋಗಿರಬಹುದು, ಒಲೆಯ ಮೇಲೆ ಅವಸರ ಮಾಡಿರಬಹುದು. ಯಾವುದು ಅಂತ ಗೊತ್ತಾದರೆ ಸರಿಮಾಡುವುದು ಕಷ್ಟವೇನಲ್ಲ.

ಗಿಡ ಬೆಳೆಸುವ ಕೈಪಿಡಿಗಳು ಸಾಮಾನ್ಯವಾಗಿ ಬೀಜದಿಂದ ಶುರುವಾಗುತ್ತವೆ. ಇಲ್ಲಿ ಉಲ್ಟಾ ಹೋಗೋಣ. ಮೊದಲು ತಟ್ಟೆ, ಆಮೇಲೆ ಕೊಯ್ಲು, ಹೂವು, ಎಲೆ, ಕೊನೆಗೆ ಬೇರು. ಮನೆಯಲ್ಲಿ ಬೆಳೆದವರಿಗೆ ಒಂದು ಅನುಕೂಲ ಇದೆ. ಬಾಯಿಗೆ ಸಿಕ್ಕ ದೋಷವನ್ನು ಹಿಡಿದುಕೊಂಡು ಗಿಡದ ಬುಡದವರೆಗೂ ಹೋಗಬಹುದು. ಕೊಂಡು ತಂದ ಕಾಯಿಯಲ್ಲಿ ಈ ದಾರಿ ಅರ್ಧಕ್ಕೇ ನಿಂತುಬಿಡುತ್ತದೆ. ಕಾಯಿಯೇ ಬಿಡುತ್ತಿಲ್ಲ ಅನ್ನುವವರು ನೇರವಾಗಿ ಹೂವಿನ ಭಾಗಕ್ಕೆ ಹೋಗಿ.

ದೋಷ: ಕಹಿ

ಕಾಯಿಯನ್ನು ಉದ್ದಕ್ಕೆ ಸೀಳಿ ಬೀಜ ನೋಡಿ. ನಾಲಿಗೆಗಿಂತ ಬೀಜವೇ ಒಳ್ಳೆ ಸಾಕ್ಷಿ.

ಬೀಜ ಬೆಳ್ಳಗೆ, ಮೆತ್ತಗೆ, ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗಿದ್ದರೆ ಕಾಯಿ ಎಳೆಯದು. ಬೀಜ ಕಂದು ಬಣ್ಣಕ್ಕೆ ತಿರುಗಿ, ಹಲ್ಲಿಗೆ ಸಿಕ್ಕರೆ ಕಟುಕ್ ಅನ್ನುವಷ್ಟು ಗಟ್ಟಿಯಾಗಿದ್ದರೆ ಕಾಯಿ ಬಲಿತಿದೆ. ಕಹಿ ಅನ್ನುವ ದೂರಿನಲ್ಲಿ ಬಹುಪಾಲು ಇಲ್ಲೇ ಬಗೆಹರಿಯುತ್ತದೆ. ಬದನೆಯಲ್ಲಿ ಸೋಲಸೋನಿನ್, ಸೋಲಮಾರ್ಜಿನ್ ಅನ್ನುವ ಕಹಿ ವಸ್ತುಗಳಿವೆ. ಸಪೋನಿನ್‌ಗಳೂ ಇವಕ್ಕೆ ಜೊತೆಯಾಗುತ್ತವೆ. ಕಾಯಿ ಬಲಿತ ಹಾಗೆ ಕಹಿಯೂ ಬಲಿಯುತ್ತದೆ, ಬೀಜದ ಸುತ್ತಲಿನ ತಿರುಳಿನಲ್ಲಂತೂ ಎದ್ದು ಕಾಣುತ್ತದೆ. ಬಲಿತ ಕಾಯಿಯನ್ನು ಹೇಗೂ ಅಡುಗೆಗೆ ಹಾಕಲೇಬೇಕು ಅಂದರೆ ಬೀಜದ ಭಾಗವನ್ನು ಚಮಚದಲ್ಲಿ ಕೆರೆದು ತೆಗೆಯಿರಿ.

ಬೀಜ ಎಳೆಯದೇ ಇದೆ, ಆದರೂ ಕಹಿ ಅನ್ನಿಸುತ್ತಿದೆಯೇ? ಹಾಗಾದರೆ ಗಿಡವನ್ನು ಅನುಮಾನಿಸಿ. ಬಿಸಿಲಿನಲ್ಲಿ ಬಾಡಿ, ನೀರು ಕುಡಿದು ಚೇತರಿಸಿಕೊಂಡು, ಮತ್ತೆ ಬಾಡಿದ ಗಿಡದ ಕಾಯಿ ಕಹಿಯಾಗುವುದು ಜಾಸ್ತಿ. ತಳಿಯೂ ಕಾರಣ ಇರಬಹುದು. ಕೆಲವು ತಳಿಗಳಲ್ಲಿ ಕಹಿ ಸ್ವಲ್ಪ ಮುಂದೆಯೇ ಇರುತ್ತದೆ. ಮುಂದಿನ ಸಲ ಬೇರೆ ಬೀಜ ಹಾಕುವುದೇ ಅದಕ್ಕೆ ಮದ್ದು.

ಇನ್ನೊಂದು ಅನುಮಾನ ಫ್ರಿಜ್ಜಿನ ಮೇಲೆ. ಬದನೆ ಬಿಸಿ ನಾಡಿನ ಗಿಡ, ಚಳಿ ಅದಕ್ಕೆ ಆಗಿಬರುವುದಿಲ್ಲ. 10 ಡಿಗ್ರಿಗಿಂತ ತಣ್ಣಗಿನ ಜಾಗದಲ್ಲಿ ದಿನಗಟ್ಟಲೆ ಇಟ್ಟರೆ ಸಿಪ್ಪೆಯ ಮೇಲೆ ಸಣ್ಣ ಗುಳಿ ಬೀಳುತ್ತವೆ, ಒಳಗೆ ತಿರುಳು ಮತ್ತು ಬೀಜ ಕಂದಾಗುತ್ತವೆ, ರುಚಿ ಕೆಡುತ್ತದೆ. ಫ್ರಿಜ್ಜಿನ ಒಳಗೆ ಸಾಮಾನ್ಯವಾಗಿ 4 ಡಿಗ್ರಿ ಆಸುಪಾಸು ಇರುತ್ತದೆ. ಒಂದೆರಡು ದಿನದಲ್ಲಿ ಅಡುಗೆ ಮಾಡುವುದಾದರೆ ಹೊರಗೆ ನೆರಳಲ್ಲಿ ಇಟ್ಟರೆ ಸಾಕು. ಮನೆಯಲ್ಲೇ ಗಿಡ ಇರುವವರಿಗೆ ಗಿಡವೇ ಉಗ್ರಾಣ ಅನ್ನಿಸಬಹುದು, ಆದರೆ ಅದೂ ಸರಿಯಲ್ಲ. ಗಿಡದಲ್ಲೇ ಬಿಟ್ಟರೆ ಕಾಯಿ ಬಲಿಯುತ್ತದೆ.

ಉಪ್ಪಿನ ವಿಷಯ. ಹೋಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟರೆ ಕಹಿಯೆಲ್ಲ ನೀರಾಗಿ ಹರಿದುಹೋಗುತ್ತದೆ ಅನ್ನುತ್ತಾರೆ. ಇದರಲ್ಲಿ ಅರ್ಧ ನಿಜ. ನೀರು ಹೊರಬರುವುದು ಹೌದು. ಆದರೆ ಕಹಿ ಕಡಿಮೆ ಅನ್ನಿಸುವುದಕ್ಕೆ ದೊಡ್ಡ ಕಾರಣ, ಉಪ್ಪು ನಾಲಿಗೆಯ ಮೇಲೆ ಕಹಿಯನ್ನು ಅಡಗಿಸುತ್ತದೆ ಅನ್ನುವುದು. ಎಳೆಯ, ಆಗಷ್ಟೇ ಕೊಯ್ದ ಕಾಯಿಗೆ ಇದರ ಅಗತ್ಯವೇ ಇಲ್ಲ. ಉಪ್ಪಿನಿಂದ ಬೇರೊಂದು ಲಾಭ ಇದೆ, ಎಣ್ಣೆಯ ಭಾಗದಲ್ಲಿ ಹೇಳುತ್ತೇನೆ.

ಕಾಯಿಯ ತಳದಲ್ಲಿರುವ ಮಚ್ಚೆ ನೋಡಿ ಇದು ಗಂಡು, ಇದು ಹೆಣ್ಣು, ಗಂಡಿನಲ್ಲಿ ಬೀಜ ಕಡಿಮೆ ಅಂತ ಹೇಳುವವರಿದ್ದಾರೆ. ನಂಬಬೇಡಿ. ಕಾಯಿಗೆ ಗಂಡು ಹೆಣ್ಣು ಅನ್ನುವುದಿಲ್ಲ. ಒಂದೊಂದು ಹೂವಿನಲ್ಲೂ ಎರಡೂ ಭಾಗ ಇರುತ್ತವೆ, ಆ ಮಚ್ಚೆ ಹೂವು ಉದುರಿದ ಗುರುತು ಅಷ್ಟೇ.

ಹೆಚ್ಚಿದ ಹೋಳು ಕಪ್ಪಾಗುವುದನ್ನು ದೋಷ ಅಂದುಕೊಳ್ಳಬೇಡಿ. ಬದನೆಯಲ್ಲಿ ಕ್ಲೋರೋಜೆನಿಕ್ ಆಮ್ಲ ಚೆನ್ನಾಗಿದೆ. ಗಾಳಿ ತಾಗಿದಾಗ ಅದು ಕಿಣ್ವದ ಜೊತೆ ಸೇರಿ ಕಂದಾಗುತ್ತದೆ. ತುಕ್ಕು ಹಿಡಿಯುವ ಜಾತಿಯ ಕಬ್ಬಿಣದ ಚಾಕು ಆದರೆ ಇನ್ನೂ ಬೇಗ. ಹೆಚ್ಚಿದ ಕೂಡಲೇ ನೀರಿಗೆ ಹಾಕಿ, ಅಥವಾ ಒಲೆ ಬಿಸಿಯಾದ ಮೇಲೆ ಹೆಚ್ಚಿ.

ದೋಷ: ರಬ್ಬರು, ಲೋಳೆ

ಇವೆರಡೂ ಬೇರೆ ಬೇರೆ ದೂರುಗಳು ಅನ್ನಿಸುತ್ತವೆ, ಆದರೆ ಹೆಚ್ಚಿನ ಸಲ ತಪ್ಪಿರುವುದು ಬೇಯಿಸುವುದರಲ್ಲೇ. ಜಗಿದರೆ ಕಿರುಗುಟ್ಟುವ ಹೋಳು ಬೆಂದಿಲ್ಲ. ಹೊರಗೆ ಮೆತ್ತಗಾಗಿ ಒಳಗೆ ಒಂದು ಬಿಳಿ ಗಟ್ಟಿ ಪಟ್ಟಿ ಉಳಿದಿದ್ದರೆ ಅರ್ಧ ಬೆಂದಿದೆ. ಬೀನ್ಸನ್ನೋ ಕ್ಯಾರೆಟ್ಟನ್ನೋ ಸ್ವಲ್ಪ ಗಟ್ಟಿ ಇರುವಾಗಲೇ ಇಳಿಸಿದರೆ ಚೆನ್ನ. ಬದನೆಗೆ ಆ ನಿಯಮ ಹೊಂದುವುದಿಲ್ಲ. ಅದು ಪೂರ್ತಿ ಬೇಯಬೇಕು. ಚಮಚದಲ್ಲಿ ಒತ್ತಿದರೆ ಕೆನೆಯಾಗಿ ಕುಸಿಯಬೇಕು. ನಡುವೆ ನಿಲ್ಲಿಸಿದ ಬದನೆಯನ್ನು ಇಷ್ಟಪಡಿ ಅಂತ ಯಾರಿಗೂ ಹೇಳಲಾಗದು.

ಲೋಳೆಗೆ ಇನ್ನೊಂದು ಕಾರಣ ಸೇರುತ್ತದೆ, ನೀರು. ಬದನೆಯಲ್ಲಿ ನೂರಕ್ಕೆ 92 ಪಾಲು ನೀರೇ. ಬಾಣಲೆ ತುಂಬ ಹೋಳು ಸುರಿದು, ಸಣ್ಣ ಉರಿ ಇಟ್ಟು, ಮುಚ್ಚಳ ಮುಚ್ಚಿದರೆ ಆ ನೀರು ಆಚೆ ಹೋಗಲು ದಾರಿಯೇ ಇಲ್ಲ. ಹೋಳು ತನ್ನದೇ ನೀರಿನಲ್ಲಿ ಬೆಂದು ಜಾರುತ್ತದೆ. ಅಗಲ ಬಾಣಲೆ ಇಡಿ, ಹೋಳುಗಳು ಒಂದರ ಮೇಲೊಂದು ಬೀಳದಷ್ಟೇ ಹಾಕಿ, ಉರಿ ಜೋರಿರಲಿ, ಮುಚ್ಚಳ ಬೇಡ. ಬದಿ ಕಂದಾಗುವ ತನಕ ಸುಮ್ನೆ ಬಿಡಿ. ಪದೇ ಪದೇ ಸೌಟಾಡಿಸಿದರೆ ಹೋಳು ಒಡೆದು ಮತ್ತೆ ಲೋಳೆಯಾಗುತ್ತದೆ.

ಇಡೀ ಕಾಯಿಯನ್ನು ಕೆಂಡದಲ್ಲೋ ಒಲೆಯ ಉರಿಯಲ್ಲೋ ಸುಡುವುದಾದರೆ ಮೊದಲು ಚಾಕುವಿನಿಂದ ನಾಲ್ಕೈದು ಕಡೆ ಚುಚ್ಚಿ. ಒಳಗಿನ ಹಬೆಗೆ ದಾರಿ ಇಲ್ಲದಿದ್ದರೆ ಕಾಯಿ ಸಿಡಿಯಬಹುದು. ಸಿಪ್ಪೆ ಕರಿಯಾಯಿತು ಅಂತ ಇಳಿಸಬೇಡಿ. ತೊಟ್ಟಿನ ಬಳಿಯ ಭಾಗ ಎಲ್ಲಕ್ಕಿಂತ ಕೊನೆಗೆ ಬೇಯುತ್ತದೆ, ಅಲ್ಲಿ ಚಾಕು ತಡೆಯಿಲ್ಲದೆ ಇಳಿಯಬೇಕು. ಓವನ್‌ನಲ್ಲಿ ಆದರೆ 200ರಿಂದ 220 ಡಿಗ್ರಿಯಲ್ಲಿ, ಕಾಯಿಯ ಗಾತ್ರ ನೋಡಿಕೊಂಡು, 30ರಿಂದ 45 ನಿಮಿಷ. ಸುಟ್ಟ ಮೇಲೆ ಸಿಪ್ಪೆ ಸುಲಿದು ತಿರುಳನ್ನು ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟರೆ ನೀರು ಬಸಿದುಹೋಗುತ್ತದೆ. ಈ ಹತ್ತು ನಿಮಿಷವನ್ನು ಬಹಳ ಜನ ಉಳಿಸಲು ಹೋಗುತ್ತಾರೆ. ರುಚಿ ಕೆಡುವುದು ಅಲ್ಲೇ.

ತಿರುಳು ಮೆತ್ತಗಿದ್ದು ಸಿಪ್ಪೆ ಮಾತ್ರ ನಾರಾಗಿ ಸಿಕ್ಕರೆ ಕಾಯಿ ಬಲಿತಿತ್ತು ಅಂತ ಅರ್ಥ. ಸಿಪ್ಪೆಯನ್ನು ಪಟ್ಟೆಪಟ್ಟೆಯಾಗಿ ಹೆರೆದು ಅರ್ಧ ತೆಗೆದರೆ ಹೋಳು ಬಿಚ್ಚಿಕೊಳ್ಳುವುದಿಲ್ಲ, ನಾರೂ ಕಡಿಮೆಯಾಗುತ್ತದೆ.

ದೋಷ: ಎಣ್ಣೆ ಕುಡಿಯುತ್ತದೆ

ಹಸಿ ಬದನೆಯ ತಿರುಳಿನ ತುಂಬ ಸಣ್ಣ ಗಾಳಿಗೂಡುಗಳಿವೆ. ಹಾಗಾಗಿ ಅದು ಸ್ಪಂಜಿನ ಹಾಗೆ ಎಣ್ಣೆ ಹೀರುತ್ತದೆ. ಬಾಣಲೆಗೆ ಹಾಕಿದ ಎರಡು ಚಮಚ ಎಣ್ಣೆ ಕಣ್ಣೆದುರೇ ಮಾಯ. ಒಣಗಿತು ಅಂತ ಇನ್ನೆರಡು ಚಮಚ, ಆಮೇಲೆ ಮತ್ತೆರಡು. ಕೊನೆಗೆ ಹೋಳು ಬೆಂದು ಗೂಡುಗಳು ಕುಸಿದಾಗ ಹೀರಿದ್ದರಲ್ಲಿ ಒಂದಷ್ಟು ಹೊರಗೆ ಬರುತ್ತದೆ, ತಟ್ಟೆಯಲ್ಲಿ ಎಣ್ಣೆ ತೇಲುತ್ತದೆ.

ಎಣ್ಣೆ ತಾಗುವ ಮುಂಚೆಯೇ ಆ ಗೂಡುಗಳನ್ನು ಕುಸಿಯುವಂತೆ ಮಾಡುವುದೇ ಪರಿಹಾರ. ಐದಾರು ನಿಮಿಷ ಹಬೆಯಲ್ಲಿ ಬೇಯಿಸಿ ಆಮೇಲೆ ಹುರಿಯಬಹುದು. ಮೈಕ್ರೋವೇವ್‌ನಲ್ಲೂ ಆಗುತ್ತದೆ. ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದರೂ ಇದೇ ಕೆಲಸ ಆಗುತ್ತದೆ. ಮೊದಲು ಹೇಳಿದ ಉಪ್ಪಿನ ಲಾಭ ಇದು. ಎಣ್ಣೆಯನ್ನು ಬಾಣಲೆಗೆ ಸುರಿಯುವ ಬದಲು ಹೋಳಿಗೆ ಸವರಿದರೆ ಇನ್ನೂ ಕಡಿಮೆ ಸಾಕು. ನಡುವೆ ಒಣಗಿದಂತೆ ಕಂಡರೂ ಕೈ ತಡೆಯಿರಿ.

ದೋಷ: ಬಾಯಿ ತುರಿಸುತ್ತದೆ

ಇದನ್ನು ಮಾತ್ರ ರುಚಿಯ ಲೆಕ್ಕಕ್ಕೆ ಸೇರಿಸಬೇಡಿ. ಬದನೆ ತಿಂದಾಗ ನಾಲಿಗೆ, ತುಟಿ, ಗಂಟಲು ತುರಿಸುವುದು, ಊದುವುದು, ಮೈಮೇಲೆ ದದ್ದು ಏಳುವುದು ಅಲರ್ಜಿಯ ಗುರುತು ಆಗಿರಬಹುದು. ಅಭ್ಯಾಸ ಆದರೆ ಸರಿಹೋಗುತ್ತದೆ ಅಂತ ಮತ್ತೆ ತಿನ್ನಬೇಡಿ. ನಿಲ್ಲಿಸಿ, ವೈದ್ಯರನ್ನು ಕೇಳಿ. ಉಸಿರು ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬದನೆಯ ಎಲೆ, ಹೂವು ಯಾರಿಗೂ ತಿನ್ನುವ ವಸ್ತು ಅಲ್ಲ, ಅವುಗಳಲ್ಲಿ ಆ ಕಹಿ ವಿಷಗಳು ಜಾಸ್ತಿ.

ಎಲ್ಲ ಸರಿ, ಆದರೂ ಇಷ್ಟ ಆಗುತ್ತಿಲ್ಲ

ಕಾಯಿ ಎಳೆಯದು, ಚೆನ್ನಾಗಿ ಬೆಂದಿದೆ, ಜಿಡ್ಡಿಲ್ಲ. ಆದರೂ ತಟ್ಟೆಯ ಅಂಚಿಗೆ ಸರಿಯುತ್ತಿದೆ. ಬದನೆಗೆ ತನ್ನದೇ ಗಟ್ಟಿ ರುಚಿ ಕಡಿಮೆ. ಜೊತೆಗೆ ಏನು ಹಾಕುತ್ತೀರೋ ಅದರ ರುಚಿ ಎಳೆದುಕೊಳ್ಳುತ್ತದೆ. ಸಪ್ಪೆ ಅಡುಗೆಯಲ್ಲಿ ಅದೂ ಸಪ್ಪೆ. ಉಪ್ಪು, ಹುಳಿ, ಖಾರ ಮೂರೂ ಸ್ವಲ್ಪ ಮುಂದೆ ಇರಲಿ. ಹುಳಿಯಂತೂ ಉಳಿದ ಚೂರುಪಾರು ಕಹಿಯನ್ನೂ ಮರೆಸುತ್ತದೆ.

ಯಾವುದು ಹಿಡಿಸುವುದಿಲ್ಲ ಅನ್ನುವುದನ್ನು ನೋಡಿ ಅಡುಗೆ ಆರಿಸಿಕೊಳ್ಳಿ. ಮೆತ್ತಗಿರುವುದೇ ಆಗದವರಿಗೆ ತೆಳ್ಳಗೆ ಬಿಲ್ಲೆ ಹೆಚ್ಚಿ ಗರಿಗರಿಯಾಗಿ ಹುರಿದು ಕೊಡಿ. ಹೋಳು ಬಾಯಿಗೆ ಸಿಗುವುದೇ ಆಗದವರಿಗೆ ಸುಟ್ಟು, ಕಿವುಚಿ, ಬೆಳ್ಳುಳ್ಳಿ ಹಾಕಿ ಕೊಡಿ. ಹೊಗೆಯ ವಾಸನೆ ಎಷ್ಟೋ ಜನರನ್ನು ಒಲಿಸುತ್ತದೆ. ಬೀಜದ ಕಿರಿಕಿರಿ ಇರುವವರಿಗೆ ಉದ್ದನೆಯ ಸಪೂರ ತಳಿಗಳು ಒಳ್ಳೆಯದು. ಅವನ್ನು ಎಳೆಯದರಲ್ಲೇ ಕೊಯ್ದರೆ ಬೀಜ ಗೊತ್ತೇ ಆಗುವುದಿಲ್ಲ. ಮಕ್ಕಳಿಗಾದರೆ ಒತ್ತಾಯ ಬೇಡ. ಹೊಸ ರುಚಿ ಒಗ್ಗಲು ಹಲವು ಸಲ ಬೇಕು. ಒಂದು ತುತ್ತು ಇಡಿ, ಬಿಟ್ಟರೆ ಬಿಡಲಿ, ಕೆಲವು ದಿನ ಬಿಟ್ಟು ಇನ್ನೊಂದು ಬಗೆಯಲ್ಲಿ ಮತ್ತೆ ಇಡಿ. ತಾವೇ ನೀರು ಹಾಕಿ ಬೆಳೆಸಿದ ಗಿಡದ ಕಾಯಿಯಾದರೆ ಆ ಒಂದು ತುತ್ತು ಸ್ವಲ್ಪ ಸುಲಭವಾಗಿ ಇಳಿಯುತ್ತದೆ, ಅಲ್ವಾ?

ಕೊಯ್ಲು: ಹೆಚ್ಚಿನ ದೋಷ ಹುಟ್ಟುವುದು ಇಲ್ಲಿ

ತಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಬಂದರೆ ಸಿಗುವುದು ಕತ್ತರಿ ಹಿಡಿದ ಕೈ. ನನ್ನನ್ನು ಕೇಳಿದರೆ ಬದನೆಯ ಮೇಲಿನ ದೂರುಗಳಲ್ಲಿ ದೊಡ್ಡ ಪಾಲು ಈ ಕೈಗೇ ಸೇರಬೇಕು. ಇನ್ನೂ ಸ್ವಲ್ಪ ದೊಡ್ಡದಾಗಲಿ ಅನ್ನುವ ಆಸೆ. ದೊಡ್ಡದಾಗುತ್ತದೆ ನಿಜ, ಜೊತೆಗೆ ಬಲಿಯುತ್ತದೆ.

ಎರಡು ಪರೀಕ್ಷೆ ಸಾಕು. ಮೊದಲನೆಯದು ಹೊಳಪು. ಕೊಯ್ಯುವ ಹದದ ಕಾಯಿಯ ಸಿಪ್ಪೆ ಮಿರುಗುತ್ತದೆ. ಹೊಳಪು ಮಾಸಿತು ಅಂದರೆ ಹದ ಮೀರುತ್ತಿದೆ. ಹಳದಿಗೋ ಕಂದಿಗೋ ತಿರುಗಿದರೆ ಅದು ಇನ್ನು ಬೀಜಕ್ಕೆ ಮಾತ್ರ. ಎರಡನೆಯದು ಹೆಬ್ಬೆರಳು. ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿ, ತಗ್ಗೇ ಬೀಳದಿದ್ದರೆ ಇನ್ನೂ ಎಳಸು. ತಗ್ಗು ಬಿದ್ದು ನಿಧಾನಕ್ಕೆ ಮೇಲೆದ್ದರೆ ಸರಿಯಾದ ಹದ. ತಗ್ಗು ಹಾಗೇ ಉಳಿದರೆ ತಡವಾಗಿದೆ. ಗಾತ್ರ ನೋಡಿ ತೀರ್ಮಾನ ಮಾಡಬೇಡಿ. ಆ ತಳಿ ಪೂರ್ತಿ ಬೆಳೆಯುವ ಗಾತ್ರದ ಮೂರರಲ್ಲಿ ಎರಡು ಪಾಲು ಬಂದಾಗಲೇ ಕೊಯ್ಯಬಹುದು.

ಎಳೆಯಬೇಡಿ, ಕತ್ತರಿಯಿಂದ ತೊಟ್ಟು ಸ್ವಲ್ಪ ಬಿಟ್ಟು ಕತ್ತರಿಸಿ. ಬದನೆಯ ಕೊಂಬೆ ಹೊರಗೆ ಗಟ್ಟಿ ಕಂಡರೂ ಎಳೆದರೆ ಸಿಗಿಯುತ್ತದೆ. ತೊಟ್ಟಿನ ಮುಳ್ಳುಗಳ ಬಗ್ಗೆ ಬೆರಳೇ ಪಾಠ ಹೇಳುತ್ತದೆ. ಕಾಯಿ ಬಿಡುವ ಕಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಗಿಡ ನೋಡಿ. ಒಂದು ಕಾಯಿ ಬೀಜ ಬಲಿಯುವ ತನಕ ಗಿಡದಲ್ಲೇ ಉಳಿದರೆ ಗಿಡದ ಶಕ್ತಿ ಅದಕ್ಕೆ ಹೋಗುತ್ತದೆ, ಹೊಸ ಹೂವು ಕಡಿಮೆಯಾಗುತ್ತದೆ. ಎಲೆಯಡಿ ಅಡಗಿ ಕೂತ ಕಾಯಿ ಹೀಗೆ ಮೋಸ ಮಾಡುವುದುಂಟು.

ದೋಷ: ಹೂವು ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ

ಉದುರಿದ ಒಂದೆರಡು ಹೂವು ಕಂಡ ಕೂಡಲೇ ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ. ಬದನೆಯಲ್ಲಿ ಎಲ್ಲ ಹೂವೂ ಕಾಯಿಯಾಗುವುದಕ್ಕೆ ಹುಟ್ಟಿದ್ದಲ್ಲ. ಹೂವನ್ನು ತಿರುಗಿಸಿ ನಡುವೆ ನೋಡಿ. ಹಳದಿ ಕೇಸರಗಳು ಒಂದು ಕೊಳವೆಯಾಗಿ ನಿಂತಿರುತ್ತವೆ. ಅದರ ನಡುವಿನಿಂದ ಹಸಿರು ಕಡ್ಡಿಯೊಂದರ ತುದಿ ಹೊರಗೆ ಇಣುಕುತ್ತಿದ್ದರೆ ಅದು ಉದ್ದ ಶಲಾಕೆಯ ಹೂವು, ಕಾಯಿ ಕಚ್ಚುವ ಹೂವು. ತುದಿ ಕೇಸರದ ಮಟ್ಟಕ್ಕೇ ಇದ್ದರೂ ಪರವಾಗಿಲ್ಲ. ಕೇಸರದೊಳಗೆ ಅಡಗಿ ಕಾಣದಿದ್ದರೆ ಅದು ಗಿಡ್ಡ ಶಲಾಕೆಯ ಹೂವು, ಸಾಮಾನ್ಯವಾಗಿ ಉದುರುತ್ತದೆ. ಒಂದೇ ಗಿಡದಲ್ಲಿ ಈ ಬಗೆಗಳೆಲ್ಲ ಇರುತ್ತವೆ.

ಆದ್ದರಿಂದ ಮೊದಲ ಪ್ರಶ್ನೆ: ಉದುರುತ್ತಿರುವುದು ಯಾವ ಹೂವು? ಗಿಡ್ಡದ್ದು ಮಾತ್ರ ಆದರೆ ಗಿಡ ಸರಿಯಾಗಿಯೇ ಇದೆ. ಹೆಚ್ಚಿನ ಹೂವುಗಳು ಗಿಡ್ಡದ್ದೇ ಆಗಿದ್ದರೆ ಗಿಡ ಹಸಿದಿದೆ ಅಥವಾ ದಣಿದಿದೆ. ಕಾಯಿ ಹೊತ್ತು ಸುಸ್ತಾದ ಗಿಡದಲ್ಲಿ ಹೀಗಾಗುತ್ತದೆ. ಬಲಿತ ಕಾಯಿ ತೆಗೆದು, ಬುಡಕ್ಕೆ ಎರೆಗೊಬ್ಬರವೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೋ ಹಾಕಿ.

ಉದ್ದ ಶಲಾಕೆಯ ಒಳ್ಳೆ ಹೂವುಗಳೇ ಉದುರುತ್ತಿದ್ದರೆ ಹವೆ ನೋಡಿ. ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿದರೆ, ಹಗಲು 35 ದಾಟಿದರೆ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದಕ್ಕೆ ಔಷಧಿ ಇಲ್ಲ. ಹವೆ ಬದಲಾದರೆ ತಾನೇ ಸರಿಹೋಗುತ್ತದೆ. ಸುಡು ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ ನೆರಳು ಬಲೆ ಕಟ್ಟಿದರೆ ಸ್ವಲ್ಪ ಅನುಕೂಲ.

ಹವೆಯೂ ಚೆನ್ನಾಗಿದೆ ಅಂದರೆ ಹೂವಿಗೆ ಅಲುಗಾಟ ಸಿಗುತ್ತಿಲ್ಲ. ಬದನೆಯ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೆ ಆ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕು, ಅದಕ್ಕೆ ನಡುಗಿಸಬೇಕು. ದುಂಬಿಗಳು ಹೂವನ್ನು ಅಪ್ಪಿಕೊಂಡು ರೆಕ್ಕೆಯ ಸ್ನಾಯು ನಡುಗಿಸಿ ಪರಾಗ ಉದುರಿಸುತ್ತವೆ. ಜೇನುನೊಣಕ್ಕೆ ಈ ವಿದ್ಯೆ ಗೊತ್ತಿಲ್ಲ. ಗಾಳಿ ಆಡದ ಬಾಲ್ಕನಿ, ಗಾಜಿನ ಮನೆ, ಬಲೆಯ ಒಳಗೆ ಬೆಳೆಸಿದ ಗಿಡಕ್ಕೆ ದುಂಬಿಯೂ ಇಲ್ಲ, ಗಾಳಿಯೂ ಇಲ್ಲ. ಬೆಳಗ್ಗೆ ಹೂವಿನ ತೊಟ್ಟಿನ ಹಿಂಭಾಗಕ್ಕೆ ಬೆರಳಿನಿಂದ ಮೆಲ್ಲಗೆ ಮೀಟಿ. ಬ್ಯಾಟರಿಯ ಹಲ್ಲುಜ್ಜುವ ಬ್ರಷ್ ಇದ್ದರೆ ಅದರ ಹಿಂಬದಿಯನ್ನು ತೊಟ್ಟಿಗೆ ತಾಗಿಸಿ. ಹಳದಿ ಪುಡಿ ಉದುರುವುದು ಕಣ್ಣಿಗೇ ಕಾಣುತ್ತದೆ. ನೋಡುವುದಕ್ಕೆ ತಮಾಷೆ, ಕೆಲಸ ಮಾತ್ರ ಪಕ್ಕಾ.

ಹೂವೇ ಬಿಡುತ್ತಿಲ್ಲ, ಗಿಡ ಮಾತ್ರ ಕಡುಹಸಿರಾಗಿ ಎಲೆ ತುಂಬಿ ನಿಂತಿದೆಯೇ? ಸಾರಜನಕ ಜಾಸ್ತಿಯಾಗಿದೆ. ಯೂರಿಯಾ, ಹಸಿ ಸಗಣಿ ನೀರು ನಿಲ್ಲಿಸಿ. ಅಥವಾ ಬಿಸಿಲು ಸಾಲದು. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಇಲ್ಲದ ಜಾಗದಲ್ಲಿ ಬದನೆ ಬದುಕುತ್ತದೆ, ಕಾಯಿ ಕೊಡುವ ಭರವಸೆ ಇಲ್ಲ.

ದೋಷ: ಕಾಯಿಯ ಮೈಮೇಲೆ ಗುರುತುಗಳು

ತಳ ಕಂದಾಗಿ ಚರ್ಮದಂತೆ ಒಣಗಿದರೆ ಕ್ಯಾಲ್ಸಿಯಂ ಕಾಯಿಗೆ ತಲುಪಿಲ್ಲ. ಹೆಚ್ಚಿನ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಅದನ್ನು ಹೊತ್ತು ತರುವ ನೀರು ಒಂದೇ ಸಮ ಸಿಕ್ಕಿರುವುದಿಲ್ಲ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕುವವರು ಹಾಕಲಿ, ಅದು ಕರಗಿ ಗಿಡಕ್ಕೆ ಸೇರುವ ಹೊತ್ತಿಗೆ ಈ ಬೆಳೆ ಮುಗಿದಿರುತ್ತದೆ. ನೀರಿನ ಹೊತ್ತು ಸರಿಪಡಿಸಿ, ಬುಡಕ್ಕೆ ಒಣ ಎಲೆ ಹೊದಿಸಿ.

ಬಿಸಿಲಿಗೆ ನೇರ ಮುಖ ಮಾಡಿದ ಬದಿಯಲ್ಲಿ ಬಿಳಿಚಿದ ಕಲೆ ಇದ್ದರೆ ಬಿಸಿಲು ಸುಟ್ಟಿದೆ. ಎಲೆ ಜಾಸ್ತಿ ಸವರಬೇಡಿ. ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಸುರಿದರೆ ಕಾಯಿ ಸೀಳುತ್ತದೆ. ಗುಂಡನೆಯ ತಗ್ಗಿದ ಕಂದು ಕಲೆ, ಅದರ ಮೇಲೆ ಕಪ್ಪು ಚುಕ್ಕಿಗಳ ಉಂಗುರ ಕಂಡರೆ ಅದು ಶಿಲೀಂಧ್ರದ ಕಾಯಿಕೊಳೆ. ಅಂಥ ಕಾಯಿ ತೆಗೆದು ಎಸೆಯಿರಿ, ಅದರ ಬೀಜ ಮಾತ್ರ ಇಡಬೇಡಿ, ರೋಗ ಬೀಜದ ಜೊತೆಗೇ ಬರುತ್ತದೆ.

ದೋಷ: ಕುಡಿ ಜೋತುಬಿದ್ದಿದೆ, ಕಾಯಿಯಲ್ಲಿ ತೂತು

ಬದನೆ ಬೆಳೆಸುವವರ ಮುಖ್ಯ ತಲೆನೋವು ಇದು. ಇಡೀ ಗಿಡ ಚೆನ್ನಾಗಿದೆ, ಒಂದೆರಡು ಕುಡಿ ಮಾತ್ರ ತಲೆಬಾಗಿ ಬಾಡಿದೆ. ನೀರು ಹಾಕಿದರೂ ಏಳುವುದಿಲ್ಲ. ಆ ಕುಡಿಯನ್ನು ಸೀಳಿ ನೋಡಿ. ಒಳಗೆ ಹಿಕ್ಕೆ, ಜೊತೆಗೊಂದು ತಿಳಿಗುಲಾಬಿ ಬಣ್ಣದ ಹುಳು. ಇದು ಕುಡಿ ಮತ್ತು ಕಾಯಿ ಕೊರೆಯುವ ಹುಳು.

ಇದರ ಲೆಕ್ಕಾಚಾರ ಗೊತ್ತಿದ್ದರೆ ಅರ್ಧ ಗೆದ್ದಂತೆ. ಬಿಳಿ ರೆಕ್ಕೆಯ ಮೇಲೆ ಕಂದು ಕಲೆಗಳಿರುವ ಸಣ್ಣ ಪತಂಗವೊಂದು ರಾತ್ರಿ ಬಂದು ಎಲೆಯಡಿ, ಮೊಗ್ಗು, ಕಾಯಿಯ ತೊಟ್ಟಿನ ಹತ್ತಿರ ಮೊಟ್ಟೆ ಇಡುತ್ತದೆ. ಮರಿ ಹುಳು ಹೊರಬಂದ ಕೆಲವೇ ಗಂಟೆಗಳಲ್ಲಿ ಕುಡಿಯೊಳಗೋ ಕಾಯಿಯೊಳಗೋ ಸೇರಿಕೊಳ್ಳುತ್ತದೆ. ಕಾಯಿಗೆ ಸಾಮಾನ್ಯವಾಗಿ ತೊಟ್ಟಿನ ಹಸಿರು ಟೊಪ್ಪಿಯ ಅಡಿಯಿಂದ ನುಗ್ಗುತ್ತದೆ. ಆ ತೂತು ಮುಚ್ಚಿಹೋಗುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ನಾವು ನೋಡಿ ಬೆಚ್ಚುವ ದೊಡ್ಡ ತೂತು ಹುಳು ಹೊರಗೆ ಹೋದ ಬಾಗಿಲು. ಅಷ್ಟರಲ್ಲಿ ಅದು ಕೆಳಗಿನ ತರಗೆಲೆಯಲ್ಲಿ ಕೋಶ ಕಟ್ಟಿಕೊಂಡು ಮುಂದಿನ ಪತಂಗವಾಗುವ ತಯಾರಿಯಲ್ಲಿರುತ್ತದೆ.

ಹಾಗಾಗಿ ತೂತು ಕಂಡ ಮೇಲೆ ಏನು ಸಿಂಪಡಿಸಿದರೂ ವ್ಯರ್ಥ. ಒಳಗಿರುವ ಹುಳುವಿಗೆ ಸಿಂಪಡಣೆ ತಾಗುವುದೇ ಇಲ್ಲ. ತಿನ್ನುವ ಕಾಯಿಗೆ ಕಟು ವಿಷ ಹೊಡೆಯುವುದಾದರೆ ಮನೆಯಲ್ಲಿ ಬೆಳೆದು ಬಂದ ಭಾಗ್ಯವಾದರೂ ಏನು? ಬಾಡಿದ ಕುಡಿಯನ್ನು ಅದೇ ದಿನ, ಬಾಡಿದ ಜಾಗದಿಂದ ಒಂದು ಗೇಣು ಕೆಳಗೆ ಕತ್ತರಿಸಿ. ತೂತಿನ ಕಾಯಿಗಳನ್ನೂ ಕಿತ್ತು, ಎರಡನ್ನೂ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ ಅಥವಾ ಸುಡಿ. ಗಿಡದ ಬುಡದಲ್ಲೇ ಎಸೆದರೆ ಹುಳುವಿಗೆ ಮನೆ ಕಟ್ಟಿಕೊಟ್ಟ ಹಾಗೆ. ಈ ಹುಳು ಕಂಡರೆ ಬುಡಕ್ಕೆ ಹೊದಿಸಿದ ಒಣ ಎಲೆಯೂ ಸೇರಿ ತರಗೆಲೆ ಗುಡಿಸಿ. ಗಿಡ ಒಂದೆರಡೇ ಇದ್ದರೆ ಸಣ್ಣ ಕಣ್ಣಿನ ಬಲೆ ಹೊದಿಸಿ ಪತಂಗವನ್ನೇ ದೂರ ಇಡುವುದು ಎಲ್ಲಕ್ಕಿಂತ ಒಳ್ಳೆ ಉಪಾಯ. ಆಗ ಹೂವನ್ನು ಕೈಯಿಂದ ಮೀಟುವುದು ಮರೆಯಬೇಡಿ. ಗಂಡು ಪತಂಗ ಹಿಡಿಯುವ ಲಿಂಗಾಕರ್ಷಕ ಬಲೆಗಳೂ ಸಿಗುತ್ತವೆ. ಸುತ್ತಮುತ್ತ ಬದನೆ ತೋಟ ಇದ್ದರೆ ಅದೊಂದರಿಂದಲೇ ಸಾಕಾಗದು.

ಹುಳು ಸಿಕ್ಕ ಕಾಯಿಯನ್ನು ಪೂರ್ತಿ ಎಸೆಯಬೇಕೇ? ಕೊರೆದ ಭಾಗ, ಸುತ್ತಲಿನ ಕಂದಾದ ತಿರುಳು ಧಾರಾಳವಾಗಿ ಕತ್ತರಿಸಿ ತೆಗೆದರೆ ಉಳಿದದ್ದು ತಿನ್ನಬಹುದು. ಕೊಳೆತ ವಾಸನೆ ಬಂದರೆ ಬೇಡ. ಬದನೆ ಒಲ್ಲೆ ಅನ್ನುವವರ ಎದುರಿಗೆ ಮಾತ್ರ ಈ ಕೆಲಸ ಮಾಡಬೇಡಿ.

ದೋಷ: ಎಲೆಗಳು

ಎಲೆ ನೋಡುವಾಗ ಯಾವಾಗಲೂ ತಿರುಗಿಸಿ ನೋಡಿ. ಕಳ್ಳರೆಲ್ಲ ಕೆಳಗಿರುತ್ತಾರೆ.

ಎಲೆಯ ಮೇಲೆ ಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳಿದ್ದು, ಮುಟ್ಟಿದರೆ ಕರಿ ಚುಕ್ಕಿಗಳು ಜಿಗಿದರೆ ಚಿಗಟ ಜೀರುಂಡೆ. ಎಳೆ ಸಸಿಗೆ ಇದು ಅಪಾಯ, ದೊಡ್ಡ ಗಿಡ ತಡೆದುಕೊಳ್ಳುತ್ತದೆ. ಎಲೆಯ ಹಸಿರು ಕೆರೆದು ಬರೀ ನರಗಳ ಜಾಲರಿ ಉಳಿದಿದ್ದರೆ ಚುಕ್ಕಿ ಜೀರುಂಡೆ. ನೋಡಲು ಗುಲಗಂಜಿ ಹುಳುವಿನಂತಿದ್ದರೂ ಇದರ ಮೈ ಮಿರುಗುವುದಿಲ್ಲ, ನವಿರಾದ ಕೂದಲಿರುತ್ತದೆ. ಮೈ ಮಿರುಗುವ ಗುಲಗಂಜಿ ಹುಳು ಸಸ್ಯಹೇನು ತಿನ್ನುವ ನಮ್ಮ ಕಡೆಯದು, ಅದನ್ನು ಬಿಟ್ಟುಬಿಡಿ. ಚುಕ್ಕಿ ಜೀರುಂಡೆಯನ್ನು, ಎಲೆಯಡಿಯ ಅದರ ಹಳದಿ ಮೊಟ್ಟೆಗಳನ್ನು ಕೈಯಿಂದಲೇ ತೆಗೆದು ಸೋಪಿನ ನೀರಿಗೆ ಹಾಕಿ.

ಎಲೆ ಮಂಕಾಗಿ, ಮೇಲೆ ಸಣ್ಣ ಬಿಳಿಚುಕ್ಕಿ, ಅಡಿಯಲ್ಲಿ ತೆಳು ಬಲೆ ಇದ್ದರೆ ನುಸಿ. ಒಣ ಬಿಸಿಲಿನ ಕಾಲದ ಪೀಡೆ ಇದು. ಎಲೆಯಡಿಗೆ ಜೋರಾಗಿ ನೀರು ಚಿಮುಕಿಸಿದರೆ ಬಹುಪಾಲು ಹೋಗುತ್ತದೆ. ಅಂಚು ಹಳದಿಯಾಗಿ ಎಲೆ ಮೇಲಕ್ಕೆ ದೋಣಿಯಾದರೆ ಜಿಗಿಹುಳು. ಒಂದು ಲೀಟರು ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪು ಕಲಸಿ, ಸಂಜೆ ಹೊತ್ತು ಎಲೆಯಡಿಗೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಜಿಗಿಹುಳುವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಣ್ಣ ಎಲೆ ರೋಗವನ್ನು ಹೊತ್ತು ತರುವುದು ಅದರದೇ ಬಳಗ. ಗಿಡದ ಹೊಸ ಎಲೆಗಳೆಲ್ಲ ಚಿಕ್ಕದಾಗಿ, ಗೊಂಚಲಾಗಿ, ಪೊರಕೆಯ ಆಕಾರಕ್ಕೆ ಬಂದು, ಹೂವೂ ಹಸಿರಾಗಿಬಿಟ್ಟರೆ ಆ ಗಿಡ ಇನ್ನು ಕಾಯಿ ಕೊಡುವುದಿಲ್ಲ. ಬೇರು ಸಹಿತ ಕಿತ್ತು ತೆಗೆಯಿರಿ. ಕರುಣೆ ತೋರಿಸಿದರೆ ಪಕ್ಕದ ಗಿಡಕ್ಕೂ ಹಬ್ಬುತ್ತದೆ.

ದೋಷ: ಇಡೀ ಗಿಡ ಬಾಡಿದೆ

ಮಧ್ಯಾಹ್ನ ಬಾಡಿದ್ದನ್ನು ನೋಡಿ ಗಾಬರಿಯಾಗಬೇಡಿ. ಅಗಲ ಎಲೆಯ ಗಿಡ, ಸುಡು ಬಿಸಿಲಿಗೆ ಸ್ವಲ್ಪ ಜೋತುಬಿದ್ದು ಸಂಜೆಗೆ ಏಳುತ್ತದೆ. ಬೆಳಗ್ಗೆ ಎದ್ದು ನೋಡಿದಾಗಲೂ ಬಾಡಿದ್ದರೆ ತನಿಖೆ ಶುರುಮಾಡಿ.

ಬೆರಳನ್ನು ಮಣ್ಣಿಗೆ ಎರಡು ಗೆಣ್ಣಿನಷ್ಟು ಇಳಿಸಿ. ಒಣಗಿದ್ದರೆ ನೀರು ಹಾಕಿ, ಕತೆ ಮುಗಿಯಿತು. ಕುಂಡ ಚಿಕ್ಕದಾದರೆ ಈ ಕತೆ ದಿನಾ ನಡೆಯುತ್ತದೆ. ಒಂದು ಗಿಡಕ್ಕೆ 15ರಿಂದ 20 ಲೀಟರು ಮಣ್ಣು ಹಿಡಿಯುವ, ಒಂದು ಅಡಿ ಆಳದ ಕುಂಡ ಬೇಕು. ಮಣ್ಣು ಒದ್ದೆ ಇದ್ದೂ ಗಿಡ ಬಾಡಿದ್ದರೆ ಆಗ ಸಮಸ್ಯೆ ಬೇರಿನಲ್ಲೋ ಕಾಂಡದಲ್ಲೋ ಇದೆ. ಇಂಥ ಹೊತ್ತಲ್ಲಿ ಇನ್ನಷ್ಟು ನೀರು ಹಾಕಿ ಗಿಡ ಮುಳುಗಿಸುವವರೇ ಜಾಸ್ತಿ.

ಕುಂಡದ ತೂತು ಕಟ್ಟಿಕೊಂಡಿದೆಯೇ ನೋಡಿ. ಬೇರು ಕಂದಾಗಿ, ಎಳೆದರೆ ಸಿಪ್ಪೆ ಜಾರಿ ಬಂದರೆ ಬೇರು ಕೊಳೆತಿದೆ. ಬೇರಿನ ತುಂಬ ಸಣ್ಣ ಗಂಟುಗಳಿದ್ದರೆ ಜಂತುಹುಳು, ಅಂದರೆ ಮಣ್ಣಿನಿಂದ ಬೇರಿಗೆ ನುಗ್ಗುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು. ಅಂಥ ಗಿಡ ಒಮ್ಮೆಲೇ ಸಾಯುವುದಿಲ್ಲ, ಕುಳ್ಳಾಗಿ, ಹಳದಿಯಾಗಿ ತಿಂಗಳುಗಟ್ಟಲೆ ನರಳುತ್ತದೆ.

ಎಲೆ ಇನ್ನೂ ಹಸಿರಾಗಿರುವಾಗಲೇ, ಎರಡು ಮೂರು ದಿನದಲ್ಲಿ ಇಡೀ ಗಿಡ ಕುಸಿದರೆ ಬ್ಯಾಕ್ಟೀರಿಯಾದ ಸೊರಗು ರೋಗ ಇರಬಹುದು. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಬುಡದಿಂದ ಎರಡು ಮೂರು ಇಂಚು ಮೇಲೆ ಕಾಂಡ ಕತ್ತರಿಸಿ, ಆ ತುಂಡಿನ ಒಂದು ತುದಿ ಮುಳುಗುವಂತೆ ತಿಳಿನೀರಿನ ಗಾಜಿನ ಲೋಟದಲ್ಲಿ ಅಲುಗಾಡದಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲುಬಣ್ಣದ ಎಳೆಗಳು ನೀರಿಗೆ ಇಳಿದರೆ ರೋಗ ಖಚಿತ. ಮದ್ದು ಇಲ್ಲ. ಗಿಡ ತೆಗೆದು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಆ ಕುಂಡದ ಮಣ್ಣಿಗೆ ಬದನೆಯ ನೆಂಟರಾದ ಟೊಮೆಟೊ, ಮೆಣಸಿನಕಾಯಿ, ಆಲೂಗೆಡ್ಡೆಯನ್ನೂ ಹಾಕಬೇಡಿ. ನೆಲದಲ್ಲಾದರೆ ಆ ಜಾಗಕ್ಕೆ ಕೆಲವು ವರ್ಷ ಈ ಕುಟುಂಬದ ಪ್ರವೇಶ ಬೇಡ. ಬೇರೆ ಜಾಗವೇ ಇಲ್ಲದವರು ಸುಂಡೆ ಗಿಡದ ಬುಡಕ್ಕೆ ಕಸಿಮಾಡಿದ ಬದನೆ ಸಸಿ ಹುಡುಕಿ. ಸುಂಡೆಯ ಬೇರು ಸೊರಗು ರೋಗವನ್ನೂ ಜಂತುಹುಳುವನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ.

ಎಲೆಯ ಅರ್ಧ ಭಾಗ ಮಾತ್ರ ಹಳದಿಯಾಗಿ, ಕೆಳಗಿನ ಎಲೆಗಳಿಂದ ನಿಧಾನಕ್ಕೆ ಮೇಲೇರಿದರೆ ಅದು ಶಿಲೀಂಧ್ರದ ಸೊರಗು. ಅಲ್ಲಿ ಲೋಟದಲ್ಲಿ ಏನೂ ಇಳಿಯುವುದಿಲ್ಲ, ಆದರೆ ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಕಾಣುತ್ತದೆ. ಮುಂದಿನ ಕ್ರಮ ಅದೇ.

ಸಸಿ ಏಳುವ ಮುಂಚೆಯೇ

ಬೀಜ ಮೊಳೆಯದಿದ್ದರೆ ಮಣ್ಣು ತಣ್ಣಗಿದೆ. 24ರಿಂದ 32 ಡಿಗ್ರಿ ಇದ್ದರೆ ಒಂದರಿಂದ ಎರಡು ವಾರದಲ್ಲಿ ಮೊಳಕೆ ಬರುತ್ತದೆ. ಮೊಳೆತ ಸಸಿ ಬುಡದಲ್ಲಿ ಸಪೂರಾಗಿ ಮಲಗಿದರೆ ನೀರು ಜಾಸ್ತಿ, ಗಾಳಿ ಕಡಿಮೆ. ಉಳಿದವನ್ನು ಹೊಸ ಮಣ್ಣಿಗೆ ಬದಲಿಸಿ, ಬಿಸಿಲಿಗೆ ತನ್ನಿ. ಸಸಿ ಉದ್ದುದ್ದ ಬೆಳೆದು ಬಾಗಿದರೆ ಬೆಳಕು ಸಾಲದು.

ದೋಷ: ಹಳೆ ಗಿಡ, ಕಾಯಿ ಸಣ್ಣ

ಬದನೆಯನ್ನು ಒಂದು ಬೆಳೆಗೆ ಕಿತ್ತು ಎಸೆಯುವುದು ರೂಢಿ. ಚಳಿಗೆ ಸಿಕ್ಕದಿದ್ದರೆ ಅದು ಹಲವು ಕಾಲ ಬದುಕುವ ಗಿಡ. ಕಾಯಿ ಸಣ್ಣದಾಗಿ, ಕೊಂಬೆ ಮರವಾಗಿ, ಹೂವು ಗಿಡ್ಡ ಶಲಾಕೆಯವೇ ಆದಾಗ ಬುಡದಿಂದ ಒಂದು ಗೇಣು ಬಿಟ್ಟು ಮೇಲಿನದೆಲ್ಲ ಕತ್ತರಿಸಿ. ಬುಡ ಸಡಿಲಿಸಿ ಗೊಬ್ಬರ ಹಾಕಿ, ನೀರು ಹದವಾಗಿರಲಿ. ಹೊಸ ಚಿಗುರಿನಲ್ಲಿ ಗಟ್ಟಿಯಾದ ಮೂರು ನಾಲ್ಕನ್ನು ಉಳಿಸಿ, ಉಳಿದದ್ದು ಚಿವುಟಿ. ಸೊರಗು, ಸಣ್ಣ ಎಲೆ, ಬೇರುಗಂಟು ಇದ್ದ ಗಿಡಕ್ಕೆ ಈ ಉಪಚಾರ ದಂಡ. ಆರೋಗ್ಯದ ಗಿಡವಾದರೆ ಮತ್ತೆ ಹೂ ಬಿಡುತ್ತದೆ. ಈ ಎರಡನೇ ಸುತ್ತಿನ ಕಾಯಿ ಗಾತ್ರದಲ್ಲಿ ಸ್ವಲ್ಪ ಚಿಕ್ಕದೇ ಇರಬಹುದು. ಅದನ್ನು ಮೊದಲ ಸುತ್ತಿನ ಕಾಯಿಗೆ ಹೋಲಿಸಿ ಇನ್ನೂ ಬೆಳೆಯಲಿ ಅಂತ ಕಾಯಬೇಡಿ. ಹೊಳಪು ನೋಡಿ, ಹೆಬ್ಬೆರಳು ಒತ್ತಿ, ಕೊಯ್ದುಬಿಡಿ.